ಓಸಿಟಿ ರಿಪೋರ್ಟ್‌ನಲ್ಲಿ ನರದ ಪದರ 78 ಮೈಕ್ರಾನ್, ಹಳದಿ ಬಣ್ಣ. ಇದನ್ನು ಹೇಗೆ ಓದಬೇಕು?

ಮೈನಸ್_ಆರೂವರೆ

ಎಲ್ಲರಿಗೂ ನಮಸ್ಕಾರ. ಕನ್ನಡಕದ ನಂಬರ್ ನೋಡಿಸೋಕೆ ಅಂತ ಹೋಗಿದ್ದೆ. ಡಾಕ್ಟರು ಕಣ್ಣಿನ ಹಿಂಭಾಗ ನೋಡಿ, "ನರದ ಮಧ್ಯದ ಗುಂಡಿ ಸ್ವಲ್ಪ ದೊಡ್ಡದಾಗಿ ಕಾಣ್ತಿದೆ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಕಾಯಿಲೆ ಇದೆಯಾ ಅಂತ ಒಮ್ಮೆ ಪರೀಕ್ಷೆ ಮಾಡೋಣ" ಅಂದರು. ಕಣ್ಣಿನ ಒಳಗಿನ ಪದರಗಳನ್ನು ಬೆಳಕಿನಿಂದ ಅಳೆಯುವ ಓಸಿಟಿ ಸ್ಕ್ಯಾನ್ ಆಯಿತು. ರಿಪೋರ್ಟ್ ಕೈಗೆ ಬಂದಿದೆ, ಡಾಕ್ಟರನ್ನು ಮತ್ತೆ ನೋಡೋದು ಫೀಲ್ಡ್ ಟೆಸ್ಟ್ (ಬೆಳಕಿನ ಚುಕ್ಕೆ ತೋರಿಸಿ, ನೋಟ ಎಲ್ಲೆಲ್ಲಿ ಇದೆ ಅಂತ ನೋಡುವ ಪರೀಕ್ಷೆ) ಆದ ಮೇಲೆ. ಅಲ್ಲಿವರೆಗೆ ಈ ಹಾಳೆ ನೋಡಿಕೊಂಡು ತಲೆ ಕೆಡ್ತಿದೆ.

ನನ್ನ ವಯಸ್ಸು 43. ಎರಡೂ ಕಣ್ಣಿಗೆ ಮೈನಸ್ 6.5 ಪವರ್. ಕಣ್ಣಿನ ಒತ್ತಡ ಬಲಗಡೆ 17, ಎಡಗಡೆ 16. ನರದ ಸುತ್ತಲಿನ ಪದರದ ಸರಾಸರಿ ದಪ್ಪ ಬಲಗಣ್ಣಿಗೆ 78 ಮೈಕ್ರಾನ್, ಹಳದಿ. ಎಡಗಣ್ಣಿಗೆ 84, ಹಸಿರು. ಬಲಗಣ್ಣಿನ ಗಡಿಯಾರದಂಥ ಚಿತ್ರದಲ್ಲಿ ಎರಡು ತುಂಡು ಕೆಂಪು ಇವೆ.

78 ಅಂದರೆ ಎಷ್ಟು ಹಾಳಾಗಿದೆ? ಡ್ರಾಪ್ಸ್ ಹಾಕಿದರೆ ಮತ್ತೆ ದಪ್ಪ ಆಗುತ್ತಾ? ಒತ್ತಡ ಸರಿಯಾಗಿಯೇ ಇದೆಯಲ್ಲ, ಆಮೇಲೂ ಗ್ಲಾಕೋಮಾ ಬರುತ್ತಾ?

ಸ್ಕ್ಯಾನ್_ಕೋಣೆ

ನಾನು ಆಪ್ಟೋಮೆಟ್ರಿಸ್ಟ್. ದಿನವೂ ಈ ಯಂತ್ರದ ಮುಂದೆ ಜನರನ್ನು ಕೂರಿಸುವ ಕೆಲಸ. ನಿಮಗೆ ಕಾಯಿಲೆ ಇದೆ ಅಥವಾ ಇಲ್ಲ ಅಂತ ಇಲ್ಲಿ ಹೇಳಲಾರೆ. ಹಾಳೆ ಓದೋದು ಹೇಗೆ ಅಂತ ಮಾತ್ರ ಹೇಳ್ತೀನಿ.

ರೆಟಿನಾದಿಂದ ಮೆದುಳಿಗೆ ಹೋಗುವ ನರದ ಎಳೆಗಳು ಒಂದು ಕಣ್ಣಿನಲ್ಲಿ ಸುಮಾರು 10 ಲಕ್ಷ ಇರುತ್ತವೆ. ಅವು ರೆಟಿನಾದ ಮೇಲ್ಪದರದಲ್ಲಿ ಹರಡಿಕೊಂಡು ಬಂದು, ಒಂದೇ ಜಾಗದಲ್ಲಿ ಒಟ್ಟಾಗಿ, ಕಣ್ಣಿನಿಂದ ಹೊರಗೆ ಹೋಗುತ್ತವೆ. ಆ ಜಾಗವೇ ನಿಮ್ಮ ಡಾಕ್ಟರು ನೋಡಿದ ಡಿಸ್ಕ್. ಗ್ಲಾಕೋಮಾದಲ್ಲಿ ಈ ಎಳೆಗಳು ಸಾಯುತ್ತವೆ, ಪದರ ತೆಳುವಾಗುತ್ತದೆ. ಅದನ್ನು ಅಳೆಯೋದೇ ಓಸಿಟಿ ಕೆಲಸ. 1991ರಲ್ಲಿ ಡೇವಿಡ್ ಹುವಾಂಗ್, ಜೇಮ್ಸ್ ಫ್ಯೂಜಿಮೋಟೊ ಮತ್ತಿತರರು ಈ ವಿಧಾನ ಪ್ರಕಟಿಸಿದರು. ಕಣ್ಣಿಗೆ ಕಾಣದಷ್ಟು ಕೆಂಪಾಚೆಯ ಬೆಳಕು ಬಳಸುತ್ತಾರೆ. ಎಕ್ಸ್‌ರೇ ಅಲ್ಲ, ಎಷ್ಟು ಸಲ ಮಾಡಿಸಿದರೂ ವಿಕಿರಣದ ಭಯ ಇಲ್ಲ.

ಯಂತ್ರ ಡಿಸ್ಕ್ ಸುತ್ತ ಸುಮಾರು 3.4 ಮಿಲಿಮೀಟರ್ ವ್ಯಾಸದ ಒಂದು ವೃತ್ತ ಹಾಕಿ, ಆ ವೃತ್ತದ ಉದ್ದಕ್ಕೂ ಪದರದ ದಪ್ಪ ಅಳೆಯುತ್ತದೆ. ಆರೋಗ್ಯವಂತ ದೊಡ್ಡವರಲ್ಲಿ ಸರಾಸರಿ ಹೆಚ್ಚುಕಮ್ಮಿ 90ರಿಂದ 100 ಮೈಕ್ರಾನ್. 100 ಮೈಕ್ರಾನ್ ಅಂದರೆ ಮಿಲಿಮೀಟರ್‌ನಲ್ಲಿ ಹತ್ತನೇ ಒಂದು ಭಾಗ.

ಬಣ್ಣಗಳ ವಿಷಯ. ಯಂತ್ರದೊಳಗೆ ಆರೋಗ್ಯವಂತರ ಅಳತೆಗಳ ಒಂದು ಪಟ್ಟಿ ಇದೆ. ಅದೇ ವಯಸ್ಸಿನ ಆರೋಗ್ಯವಂತರಲ್ಲಿ ನೂರಕ್ಕೆ ಐದು ಜನಕ್ಕಿಂತ ಕಡಿಮೆ ಮಂದಿಗೆ ಮಾತ್ರ ಇಷ್ಟು ತೆಳು ಇರುತ್ತೆ ಅನ್ನೋದಾದರೆ ಹಳದಿ. ನೂರಕ್ಕೆ ಒಬ್ಬರಿಗಿಂತ ಕಡಿಮೆ ಅಂದರೆ ಕೆಂಪು. ಇಲ್ಲಿ ಗಮನಿಸಿ, ಆ ಐದು ಜನರೂ ಆರೋಗ್ಯವಂತರೇ. ಹಳದಿ ಅಂದ ತಕ್ಷಣ ಕಾಯಿಲೆ ಅಂತ ಅರ್ಥ ಅಲ್ಲ, ನೀವು ಗುಂಪಿನ ಅಂಚಿನಲ್ಲಿ ಇದ್ದೀರಿ ಅಂತ ಅರ್ಥ. ಆ ಪಟ್ಟಿಯಲ್ಲಿ ನಿಮ್ಮಷ್ಟು ಮೈನಸ್ ಪವರ್ ಇರುವವರು ತೀರಾ ಕಡಿಮೆ ಅನ್ನೋದು ಇನ್ನೊಂದು ವಿಷಯ.

ಎರಡು ಪ್ರಶ್ನೆ ಕೇಳ್ತೀನಿ. ಬಲಗಣ್ಣಿನ ಕೆಂಪು ತುಂಡು ಗಡಿಯಾರದ ಎಷ್ಟು ಗಂಟೆ ಜಾಗದಲ್ಲಿದೆ? ಹಾಳೆಯ ಮೇಲೆ ಸಿಗ್ನಲ್ ಅಂತ ಒಂದು ಸಂಖ್ಯೆ ಇರುತ್ತೆ, ಅದು ಎಷ್ಟು?

ಮೈನಸ್_ಆರೂವರೆ

ತುಂಬಾ ಥ್ಯಾಂಕ್ಸ್. ಕೆಂಪು ಇರೋದು 1 ಗಂಟೆ ಮತ್ತು 5 ಗಂಟೆ ಜಾಗದಲ್ಲಿ. ಸಿಗ್ನಲ್ 10ಕ್ಕೆ 6.

ಸ್ಕ್ಯಾನ್_ಕೋಣೆ

ಸರಿ. ಈ ಯಂತ್ರದಲ್ಲಿ 6 ಅಂದರೆ ಅಂಚಿನ ಮೇಲೆ. ಅದಕ್ಕಿಂತ ಕಡಿಮೆ ಬಂದರೆ ನಾವು ಮತ್ತೆ ತೆಗೆಯುತ್ತೇವೆ. ಸಿಗ್ನಲ್ ಕಡಿಮೆ ಇದ್ದಾಗ ಪದರ ಇರೋದಕ್ಕಿಂತ ತೆಳುವಾಗಿ ತೋರಿಸುತ್ತದೆ. ಕಣ್ಣು ಒಣಗಿದ್ದರೂ ಹೀಗಾಗುತ್ತೆ. ಸ್ಕ್ಯಾನ್‌ಗೆ ಮೊದಲು ಚೆನ್ನಾಗಿ ರೆಪ್ಪೆ ಮಿಟುಕಿಸಿ ಅಂತ ಹೇಳೋದು ಅದಕ್ಕೇ. ಕೆಲವರಿಗೆ ಕಣ್ಣೀರಿನ ಡ್ರಾಪ್ಸ್ ಒಂದು ಹನಿ ಹಾಕಿದರೆ ಅದೇ ಕಣ್ಣಿಗೆ 8 ಬರುತ್ತೆ.

ಈಗ ಹಾಳೆಯಲ್ಲಿರುವ ಗ್ರಾಫ್ ನೋಡಿ. ಎರಡು ದಿಬ್ಬ ಇರುವ ಗೆರೆ ಕಾಣುತ್ತೆ ಅಲ್ವಾ? ಒಂದು ದಿಬ್ಬ ಡಿಸ್ಕ್‌ನ ಮೇಲ್ಭಾಗದ್ದು, ಇನ್ನೊಂದು ಕೆಳಭಾಗದ್ದು. ಅಲ್ಲಿ ಎಳೆಗಳು ದಟ್ಟ. ಕಿವಿ ಕಡೆ, ಮೂಗಿನ ಕಡೆ ಕಡಿಮೆ. ಅದು ಎಲ್ಲರಿಗೂ ಹಾಗೇ.

ಮೈನಸ್ ಪವರ್ ಜಾಸ್ತಿ ಇರುವವರಲ್ಲಿ ಈ ಎರಡೂ ದಿಬ್ಬಗಳು ಕಿವಿ ಕಡೆಗೆ ಸರಿದಿರುತ್ತವೆ. ದಪ್ಪ ಇದ್ದೇ ಇರುತ್ತೆ, ಜಾಗ ಮಾತ್ರ ಬೇರೆ. ಯಂತ್ರ ಮಾತ್ರ ಮಾಮೂಲಿ ಜಾಗದಲ್ಲೇ ದಿಬ್ಬ ಹುಡುಕುತ್ತೆ, ಅಲ್ಲಿ ಇಳಿಜಾರು ಸಿಕ್ಕರೆ ಕೆಂಪು ಬಣ್ಣ ಹಚ್ಚುತ್ತೆ. ಬಲಗಣ್ಣಿನಲ್ಲಿ 1 ಮತ್ತು 5 ಗಂಟೆ ಅಂದರೆ ಮೂಗಿನ ಕಡೆಯ ಇಳಿಜಾರು. ಮೈನಸ್ ಕಣ್ಣಿನಲ್ಲಿ ಸುಳ್ಳು ಕೆಂಪು ಹೆಚ್ಚಾಗಿ ಬರೋದು ಅಲ್ಲೇ. ಗ್ಲಾಕೋಮಾ ಸಾಮಾನ್ಯವಾಗಿ ಮೊದಲು ಕೈ ಹಾಕೋದು ಕಿವಿ ಕಡೆಯ ಕೆಳಭಾಗಕ್ಕೆ, ಬಲಗಣ್ಣಿನಲ್ಲಿ 7 ಗಂಟೆ ಜಾಗ. ಆಮೇಲೆ 11 ಗಂಟೆ ಜಾಗ.

ನಿಮ್ಮ ಗೆರೆಯ ದಿಬ್ಬ ಹಸಿರು ಪಟ್ಟಿಯ ಪಕ್ಕಕ್ಕೆ ಸರಿದಿದೆಯಾ, ಅಥವಾ ಕುಸಿದಿದೆಯಾ? ಎತ್ತರ ಸರಿಯಿದ್ದು ಜಾಗ ಮಾತ್ರ ಸರಿದಿದ್ದರೆ ಅದನ್ನು ಡಾಕ್ಟರಿಗೆ ತೋರಿಸಿ ಕೇಳಿ. ಹಾಗಂತ ಮೈನಸ್ ಇದೆ ಅಂತ ನಿಶ್ಚಿಂತೆಯಿಂದ ಕೂರಬೇಡಿ. ಮೈನಸ್ ಪವರ್ ಜಾಸ್ತಿ ಇರುವವರಿಗೆ ಗ್ಲಾಕೋಮಾ ಬರುವ ಸಾಧ್ಯತೆಯೂ ಜಾಸ್ತಿ.

ಹಳೇ_ಪೇಷಂಟ್

ನನಗೆ ಗ್ಲಾಕೋಮಾ ಇದೆ ಅಂತ ಗೊತ್ತಾಗಿ ಬಹಳ ವರ್ಷ ಆಯಿತು. ನಿಮ್ಮ ಮೂರನೇ ಪ್ರಶ್ನೆಗೆ ನನ್ನ ಕಣ್ಣೇ ಉತ್ತರ. ನನ್ನ ಒತ್ತಡ ಯಾವತ್ತೂ 18 ದಾಟಿಲ್ಲ. 10ರಿಂದ 21 ನಾರ್ಮಲ್ ಅನ್ನೋದು ಜನರ ಸರಾಸರಿಯಿಂದ ಬಂದ ಲೆಕ್ಕ. ಕೆಲವರ ನರಕ್ಕೆ 16 ಕೂಡ ಭಾರವೇ. ಇಂಥವರಲ್ಲೂ ಒತ್ತಡವನ್ನು ಶೇ 30ರಷ್ಟು ಇಳಿಸಿದರೆ ಕಾಯಿಲೆ ಮುಂದುವರಿಯೋದು ಕಡಿಮೆಯಾಗುತ್ತೆ ಅಂತ 1998ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ತೋರಿಸಿದೆ. ಇಳಿಸಿದ ಕಣ್ಣುಗಳಲ್ಲಿ ಶೇ 12, ಹಾಗೇ ಬಿಟ್ಟ ಕಣ್ಣುಗಳಲ್ಲಿ ಶೇ 35 ಮುಂದುವರಿದವು. ನನ್ನ ಡಾಕ್ಟರು ಡ್ರಾಪ್ಸ್ ಶುರು ಮಾಡುವಾಗ ಇದನ್ನೇ ಬಿಡಿಸಿ ಹೇಳಿದ್ದರು.

ನಿಮಗೆ ಒಂದೇ ಮಾತು ಹೇಳೋದಿದೆ. ಈ ಹಾಳೆಯನ್ನು ಕಳೆಯಬೇಡಿ. ಇವತ್ತಿನ 78ಕ್ಕೆ ಅದರಷ್ಟಕ್ಕೇ ಅಂಥ ಬೆಲೆ ಇಲ್ಲ. ಮುಂದಿನ ವರ್ಷ ಅದೇ ಯಂತ್ರದಲ್ಲಿ 77 ಬಂತಾ, 70 ಬಂತಾ ಅನ್ನೋದರಲ್ಲಿ ಬೆಲೆ ಇದೆ. ಹುಟ್ಟಿನಿಂದಲೇ 80ರ ಪದರ ಇರುವವರು ಜೀವನಪೂರ್ತಿ ಚೆನ್ನಾಗಿ ನೋಡುತ್ತಾರೆ. 105 ಇದ್ದವರು 90ಕ್ಕೆ ಇಳಿದರೆ ಹಾಳೆ ಪೂರ್ತಿ ಹಸಿರು, ಆದರೆ ನರ ಸಾಯ್ತಾ ಇದೆ.

"ಅದೇ ಯಂತ್ರ" ಅಂತ ಒತ್ತಿ ಹೇಳೋಕೆ ಕಾರಣ ಇದೆ. ನಾನು ಆಸ್ಪತ್ರೆ ಬದಲಿಸಿದಾಗ ಅಲ್ಲಿದ್ದದ್ದು ಬೇರೆ ಕಂಪನಿಯ ಯಂತ್ರ. ಹಿಂದಿನ ಸಲ 82 ಇದ್ದದ್ದು 74 ಆಯಿತು. ಅಲ್ಲಿದ್ದವರು ಎರಡು ಸಂಖ್ಯೆಗಳನ್ನೂ ಅಕ್ಕಪಕ್ಕ ಬರೆದು "ಬೇಗ ಇಳೀತಿದೆ" ಅಂದುಬಿಟ್ಟರು. ಮನೆಯವರೆಲ್ಲ ಹೆದರಿದರು. ಹಳೇ ಡಾಕ್ಟರ ಹತ್ತಿರ ಹೋಗಿ ಹಳೇ ಯಂತ್ರದಲ್ಲಿ ತೆಗೆಸಿದರೆ 81. ಒಂದು ಕಂಪನಿಯ ಯಂತ್ರದ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸುವ ಹಾಗೇ ಇಲ್ಲ ಅಂತ ಅವರು ಸ್ಪಷ್ಟವಾಗಿ ಹೇಳಿದರು.

ಸ್ಕ್ಯಾನ್_ಕೋಣೆ

@ಹಳೇ_ಪೇಷಂಟ್ ಹೇಳಿದ್ದು ನೂರಕ್ಕೆ ನೂರು ನಿಜ. ಅದೇ ಯಂತ್ರದಲ್ಲೂ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ 4 ಮೈಕ್ರಾನ್‌ವರೆಗೆ ಏರುಪೇರು ಸುಮ್ನೆ ಬರುತ್ತೆ. ಸರಾಸರಿ 5 ಮೈಕ್ರಾನ್‌ಗಿಂತ ಜಾಸ್ತಿ ಇಳಿದರೆ, ಅದೂ ಮತ್ತೊಮ್ಮೆ ತೆಗೆದಾಗಲೂ ಹಾಗೇ ಇದ್ದರೆ, ಆಗ ಗಂಭೀರವಾಗಿ ತಗೋಬೇಕು. ವಯಸ್ಸಿನಿಂದಲೂ ಸ್ವಲ್ಪ ಇಳಿಯುತ್ತೆ, ಹತ್ತು ವರ್ಷಕ್ಕೆ ಅಂದಾಜು 2ರಿಂದ 5 ಮೈಕ್ರಾನ್.

ಎರಡು ಕಣ್ಣಿನ ನಡುವಿನ ವ್ಯತ್ಯಾಸವನ್ನೂ ನೋಡುತ್ತೇವೆ. ಸರಾಸರಿಯಲ್ಲಿ 9 ಮೈಕ್ರಾನ್ ದಾಟಿದರೆ ಯಾಕೆ ಅಂತ ಹುಡುಕುತ್ತೇವೆ. ಇವರದು 6.

ಬೆಳಗಿನ_ವಾಕ್

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಿಮ್ಮೆಲ್ಲರದೂ 78, 82 ಅಂತ ಇದೆ. ನನ್ನ ಚೀಟಿಯಲ್ಲಿ ದಪ್ಪ 512 ಅಂತ ಬರೆದಿದ್ದಾರೆ. ಇಷ್ಟೊಂದು ದಪ್ಪ ಇದ್ದರೆ ಒಳ್ಳೆಯದೇ ಅಲ್ವಾ? ಇನ್ನೊಂದು, ನಮ್ಮ ಪರಿಚಯದವರೊಬ್ಬರು ಯಾವುದೋ ಮಾತ್ರೆ ತಗೊಂಡ ಮೇಲೆ ನರದ ಪದರ 71ರಿಂದ 77 ಆಯಿತಂತೆ.

ಪಿಜಿ_ಎರಡನೇ_ವರ್ಷ

ನಿಮ್ಮ 512 ಕಣ್ಣಿನ ಮುಂಭಾಗದ ಕಾರ್ನಿಯಾದ ದಪ್ಪ. ನರದ್ದಲ್ಲ. ಕಾರ್ನಿಯಾ ಸರಾಸರಿ 540 ಮೈಕ್ರಾನ್ ಆಸುಪಾಸು ಇರುತ್ತದೆ, ನಿಮ್ಮದು ಸ್ವಲ್ಪ ತೆಳು. ತೆಳು ಕಾರ್ನಿಯಾ ಇದ್ದರೆ ಒತ್ತಡ ಅಳೆಯುವ ಯಂತ್ರ ನಿಜಕ್ಕಿಂತ ಕಡಿಮೆ ತೋರಿಸಬಹುದು. ಒತ್ತಡ ಜಾಸ್ತಿ ಇದ್ದು ನರ ಇನ್ನೂ ಚೆನ್ನಾಗಿರುವವರ ಮೇಲೆ ನಡೆದ, 2002ರಲ್ಲಿ ಫಲಿತಾಂಶ ಬಂದ ಅಧ್ಯಯನದಲ್ಲಿ, 555 ಮೈಕ್ರಾನ್ ಅಥವಾ ಅದಕ್ಕಿಂತ ತೆಳು ಕಾರ್ನಿಯಾ ಇದ್ದವರಿಗೆ ಮುಂದೆ ಗ್ಲಾಕೋಮಾ ಬರುವ ಅಪಾಯ ಹೆಚ್ಚು ಅಂತ ಕಂಡುಬಂತು. ಹಾಗಾಗಿ ನಿಮ್ಮ ಒತ್ತಡದ ಸಂಖ್ಯೆಯನ್ನು ಈ 512ರ ಜೊತೆ ಸೇರಿಸಿ ನೋಡಬೇಕು. ಮುಂದಿನ ಸಲ ಡಾಕ್ಟರನ್ನು ನೋಡುವಾಗ ಖಂಡಿತ ಕೇಳಿ.

ಮಾತ್ರೆ ವಿಷಯದಲ್ಲಿ ಖಡಾಖಂಡಿತವಾಗಿ ಹೇಳ್ತೀನಿ. ಸತ್ತ ನರದ ಎಳೆ ಮತ್ತೆ ಹುಟ್ಟೋದಿಲ್ಲ. ಗ್ಲಾಕೋಮಾದಲ್ಲಿ ಕೆಲಸ ಮಾಡುತ್ತೆ ಅಂತ ಗಟ್ಟಿಯಾಗಿ ಸಾಬೀತಾಗಿರೋದು ಒತ್ತಡ ಇಳಿಸೋದು ಮಾತ್ರ. ಡ್ರಾಪ್ಸ್, ಲೇಸರ್, ಆಪರೇಷನ್ ಮೂರೂ ಮಾಡೋದು ಅದನ್ನೇ. ಉಳಿದಿರುವ ಎಳೆಗಳನ್ನು ಕಾಪಾಡೋದು ಇವುಗಳ ಕೆಲಸ. ಸಂಖ್ಯೆ ಏರೋದಕ್ಕೆ ಬೇರೆ ಕಾರಣ ಬೇಕಾದಷ್ಟಿವೆ. ಪೊರೆಯ ಆಪರೇಷನ್ ಆದ ಮೇಲೆ ಸಿಗ್ನಲ್ ಚೆನ್ನಾಗಿ ಬಂದು ಸಂಖ್ಯೆ ಮೇಲೆ ಹೋಗುತ್ತೆ. ನರ ಊದಿಕೊಂಡರೂ ಏರುತ್ತೆ. ಒತ್ತಡ ಹಠಾತ್ತಾಗಿ ಏರಿ ಕಣ್ಣು ನೋಯುವ ಥರದ ಗ್ಲಾಕೋಮಾದಲ್ಲಿ ಪದರ ಮೊದಲು ಊದಿ ದಪ್ಪ ಕಾಣಿಸುತ್ತೆ, ಕೆಲವು ವಾರಗಳಲ್ಲಿ ತೆಳುವಾಗುತ್ತಾ ಹೋಗುತ್ತೆ. ದಪ್ಪ ಆದ ಮಾತ್ರಕ್ಕೆ ಒಳ್ಳೆಯದು ಅಂದುಕೊಳ್ಳೋ ಹಾಗಿಲ್ಲ. ದಯವಿಟ್ಟು ಯಾರೂ ಮಾತ್ರೆ ನಂಬಿ ಡ್ರಾಪ್ಸ್ ನಿಲ್ಲಿಸಬೇಡಿ.

ಅಪ್ಪನ_ಮಗಳು

ನನ್ನದು ಬೇರೆ ಥರದ ಪ್ರಶ್ನೆ. ನಮ್ಮ ಅಪ್ಪನಿಗೆ 74 ವರ್ಷ, ಎಡಗಣ್ಣಿಗೆ ಗ್ಲಾಕೋಮಾ ತುಂಬಾ ಮುಂದುವರಿದಿದೆ. ಆ ಕಣ್ಣಿನ ಸಂಖ್ಯೆ 54. ಹಲವು ವರ್ಷಗಳಿಂದ 54, 53, 55 ಹೀಗೇ ಇದೆ. ಸಂಖ್ಯೆ ನಿಂತಿದೆ, ಅಂದರೆ ಕಾಯಿಲೆ ನಿಂತಿದೆ ಅಂತ ನಾವು ಸಮಾಧಾನದಲ್ಲಿದ್ದೇವೆ. ಆದರೆ ಇತ್ತೀಚೆಗೆ ಅಪ್ಪ ಓದುವಾಗ ಸಾಲು ತಪ್ಪುತ್ತೆ ಅಂತಾರೆ. ಪಕ್ಕದಲ್ಲಿ ಇಟ್ಟ ಪೆನ್ನನ್ನು ಕೈಯಲ್ಲಿ ತಡವಿ ಹುಡುಕ್ತಾರೆ. ಹಾಳೆ ನೋಡಿದರೆ ಏನೂ ಬದಲಾಗಿಲ್ಲ. ಯಾಕೆ ಹೀಗೆ?

ಸ್ಕ್ಯಾನ್_ಕೋಣೆ

ಅಕ್ಕ, ಇದನ್ನು ತಡ ಮಾಡದೆ ಡಾಕ್ಟರ ಗಮನಕ್ಕೆ ತನ್ನಿ.

ಈ ಪದರದ ಅಳತೆ ಯಾವತ್ತೂ ಸೊನ್ನೆಗೆ ಇಳಿಯೋದಿಲ್ಲ. ಎಳೆಗಳೆಲ್ಲ ಹೋದರೂ ಅವುಗಳ ನಡುವೆ ಇದ್ದ ರಕ್ತನಾಳ, ಆಧಾರದ ಜೀವಕೋಶಗಳು ಉಳಿಯುತ್ತವೆ. ಯಂತ್ರ ಅದನ್ನೂ ಸೇರಿಸಿ ಅಳೆಯುತ್ತೆ. ಹಾಗಾಗಿ 50-55ರ ಹತ್ತಿರ ಬಂದ ಮೇಲೆ ಸಂಖ್ಯೆ ಅಲ್ಲೇ ನಿಲ್ಲುತ್ತೆ. ಕಾಯಿಲೆ ನಿಂತಿದೆ ಅಂತಲ್ಲ, ಅಳೆಯೋದಕ್ಕೆ ಏನೂ ಉಳಿದಿಲ್ಲ ಅಂತ. ಈ ಹಂತದಲ್ಲಿ ನರದ ಸುತ್ತಲಿನ ಓಸಿಟಿಯಿಂದ ಕಾಯಿಲೆ ಏರ್ತಿದೆಯಾ ಅಂತ ತಿಳಿಯೋಕೆ ಆಗೋದಿಲ್ಲ.

ಇಲ್ಲಿ ಬೇಕಾಗಿರೋದು ಫೀಲ್ಡ್ ಟೆಸ್ಟ್. ಮಾಮೂಲಾಗಿ ಮಾಡೋದು 24-2. ಅದರಲ್ಲಿ ಚುಕ್ಕೆಗಳು ಆರಾರು ಡಿಗ್ರಿ ದೂರದಲ್ಲಿರುತ್ತವೆ. ಅಪ್ಪನಿಗೆ ಉಳಿದಿರೋದು ಮಧ್ಯದ ನೋಟ ಮಾತ್ರ ಆಗಿದ್ದರೆ ಅಲ್ಲಿ ಬೀಳೋದು ಕೆಲವೇ ಚುಕ್ಕೆ. ಸಾಲು ತಪ್ಪುತ್ತೆ ಅಂದರೆ ಮಧ್ಯದ ಹತ್ತಿರವೇ ಏನೋ ಆಗ್ತಿರಬಹುದು. 10-2 ಅಂತ ಇನ್ನೊಂದು ಪರೀಕ್ಷೆ ಇದೆ, ಚುಕ್ಕೆಗಳು ಎರಡೆರಡು ಡಿಗ್ರಿ ದೂರದಲ್ಲಿ, ಮಧ್ಯದ ಭಾಗದಲ್ಲೇ. "10-2 ಮಾಡಿಸೋಣವಾ?" ಅಂತ ಅದೇ ಮಾತಲ್ಲಿ ಕೇಳಿ. ಮ್ಯಾಕುಲಾ (ಮಧ್ಯದ ನೋಟ ಕೊಡುವ ರೆಟಿನಾದ ನಡುಭಾಗ) ಜಾಗದ ಓಸಿಟಿಯನ್ನೂ ಕೇಳಿ, ಕೆಲವು ಕಣ್ಣುಗಳಲ್ಲಿ ಅಲ್ಲಿ ಇನ್ನೂ ಅಳೆಯುವಷ್ಟು ಪದರ ಉಳಿದಿರುತ್ತೆ. ಸಾಲು ತಪ್ಪೋದಕ್ಕೆ ಪೊರೆ ಅಥವಾ ಬೇರೆ ಕಾರಣವೂ ಇರಬಹುದು, ಅದನ್ನೂ ಅವರು ನೋಡ್ತಾರೆ.

ಅಪ್ಪ ಡ್ರಾಪ್ಸ್ ಸರಿಯಾಗಿ ಹಾಕಿಕೊಳ್ತಿದ್ದಾರಾ? ಕೈ ನಡುಗಿ ಹನಿ ಕೆನ್ನೆ ಮೇಲೆ ಬೀಳೋದು ಈ ವಯಸ್ಸಿನಲ್ಲಿ ತುಂಬಾ ಸಾಮಾನ್ಯ. ಒಂದು ದಿನ ಪಕ್ಕದಲ್ಲಿ ನಿಂತು ನೋಡಿ.

ಅಪ್ಪನ_ಮಗಳು

ಇದನ್ನು ನಮಗೆ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ನಾಳೆಯೇ ಫೋನ್ ಮಾಡ್ತೀನಿ.

ಪಿಜಿ_ಎರಡನೇ_ವರ್ಷ

ಓಸಿಟಿ ಕೋಣೆಯಲ್ಲಿರುವವರಿಗೆ ನನ್ನದೂ ಒಂದು ಪ್ರಶ್ನೆ. ನರದ ಸುತ್ತಲಿನ ಕೋರಾಯ್ಡ್ (ರೆಟಿನಾದ ಹಿಂದಿರುವ ರಕ್ತನಾಳಗಳ ಪದರ) ದಪ್ಪದ ಬಗ್ಗೆ ಸೆಮಿನಾರ್ ಕೊಡಬೇಕಿದೆ. ನರದ ತಲೆಗೆ ರಕ್ತ ಕೊಡುವ ಸಣ್ಣ ನಾಳಗಳೇ ಆ ಭಾಗದ ಕೋರಾಯ್ಡ್‌ಗೂ ರಕ್ತ ಕೊಡುತ್ತವೆ. ಹಾಗಾದರೆ ಗ್ಲಾಕೋಮಾದಲ್ಲಿ ಅದು ತೆಳುವಾಗಬೇಕು ಅಲ್ವಾ? ಓದಿದರೆ ಒಂದು ಪೇಪರ್ ತೆಳು ಅನ್ನುತ್ತೆ, ಇನ್ನೊಂದು ವ್ಯತ್ಯಾಸವೇ ಇಲ್ಲ ಅನ್ನುತ್ತೆ. ನೀವು ಅಳೀತೀರಾ?

ಸ್ಕ್ಯಾನ್_ಕೋಣೆ

ಗ್ಲಾಕೋಮಾ ರಿಪೋರ್ಟ್‌ಗೆ ಅಂತ ನಾವು ಅಳೆಯೋದಿಲ್ಲ. 2008ರಲ್ಲಿ ರಿಚರ್ಡ್ ಸ್ಪೇಡ್ ತಂಡ ಆಳದ ಪದರ ಸ್ಪಷ್ಟವಾಗಿ ಕಾಣುವ ಹಾಗೆ ಸ್ಕ್ಯಾನ್ ಮಾಡುವ ದಾರಿ ತೋರಿಸಿದ ಮೇಲೆ ಕೋರಾಯ್ಡ್ ಅಳತೆ ಸುಲಭವಾಯಿತು. ತೊಂದರೆ ಏನಂದರೆ, ಕೋರಾಯ್ಡ್ ಅಂದರೆ ಬಹುಪಾಲು ರಕ್ತನಾಳ. ಬೆಳಿಗ್ಗೆ ಒಂದು ದಪ್ಪ, ಸಂಜೆ ಇನ್ನೊಂದು. ವಯಸ್ಸಾದಂತೆ ತೆಳು, ಉದ್ದದ ಮೈನಸ್ ಕಣ್ಣಿನಲ್ಲಿ ತೆಳು. ಆರೋಗ್ಯವಂತರಲ್ಲೂ ಡಿಸ್ಕ್‌ನ ಕೆಳಗಡೆ ಉಳಿದ ಕಡೆಗಿಂತ ತೆಳು. ಡಿಸ್ಕ್ ಅಂಚಿನಲ್ಲಿ ಪದರ ಸವೆದು ಬಿಳುಪಾದ ಜಾಗ ಇದ್ದರೆ ಅಳತೆ ಎಲ್ಲಿಂದ ಶುರು ಮಾಡಬೇಕು ಅನ್ನೋದೇ ಕಷ್ಟ. ಇಷ್ಟೆಲ್ಲ ಸರಿಹೊಂದಿಸಿದ ಮೇಲೆ ಗ್ಲಾಕೋಮಾದಿಂದ ಆದ ವ್ಯತ್ಯಾಸ ಎಷ್ಟು ಉಳಿಯುತ್ತೆ ಅನ್ನೋದರಲ್ಲೇ ಪೇಪರ್‌ಗಳು ಜಗಳ ಆಡ್ತಿವೆ. ಒಬ್ಬ ಪೇಷಂಟ್‌ಗೆ ಕಾಯಿಲೆ ಇದೆಯಾ ಇಲ್ಲವಾ ಅಂತ ಹೇಳೋಕೆ ಇದು ಆಗೋದಿಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ.

ಸೆಮಿನಾರ್‌ನಲ್ಲಿ ಲ್ಯಾಮಿನಾ ಕ್ರಿಬ್ರೋಸಾ ಬಗ್ಗೆಯೂ ಹೇಳಿ. ನರದ ಎಳೆಗಳು ತೂರಿಕೊಂಡು ಹೋಗುವ ಆ ಜರಡಿ ಗ್ಲಾಕೋಮಾದಲ್ಲಿ ತೆಳುವಾಗಿ ಹಿಂದಕ್ಕೆ ಬಾಗುತ್ತೆ. ಎಳೆಗಳಿಗೆ ಪೆಟ್ಟು ಬೀಳುವ ಮುಖ್ಯ ಜಾಗ ಅದು. ನನಗೆ ಕೋರಾಯ್ಡ್‌ಗಿಂತ ಅದರ ಮೇಲೆ ಆಸೆ ಜಾಸ್ತಿ.

ಪ್ರಶ್ನೆ ಹಾಕಿದವರಿಗೂ ಒಂದು ಮಾತು ಬಾಕಿ ಇದೆ. ನಿಮ್ಮ ಹಾಳೆಯ ಕೆಳಗೆ ಕಪ್ಪು-ಬೂದು ಪಟ್ಟಿಯ ಒಂದು ಚಿತ್ರ ಇರುತ್ತೆ, ಪದರದ ಅಡ್ಡಕೊಯ್ತ. ಅದರ ಮೇಲೆ ಯಂತ್ರ ಎರಡು ಗೆರೆ ಎಳೆದಿರುತ್ತೆ, ಪದರದ ಮೇಲಂಚು ಒಂದು, ಕೆಳಂಚು ಒಂದು. ದಪ್ಪ ಅಂದರೆ ಆ ಎರಡು ಗೆರೆಗಳ ನಡುವಿನ ದೂರ. ಗೆರೆಗಳ ಮೇಲೆ ಬೆರಳಿಟ್ಟು ಈ ಕಡೆಯಿಂದ ಆ ಕಡೆಗೆ ಹೋಗಿ. ಎಲ್ಲಾದರೂ ಗೆರೆ ಪಟ್ಟನೆ ಬಿದ್ದು ಒಂದಕ್ಕೊಂದು ಅಂಟಿಕೊಂಡಿದ್ದರೆ, ಅಥವಾ ಚಿತ್ರವೇ ಅಂಚಿನಲ್ಲಿ ಕತ್ತರಿಸಿ ಹೋಗಿದ್ದರೆ, ಆ ಜಾಗದ ಕೆಂಪು ಬಣ್ಣ ನಂಬಬೇಡಿ. ಉದ್ದದ ಕಣ್ಣುಗಳಲ್ಲಿ ಇದು ಆಗಾಗ ಆಗುತ್ತೆ.

ಮೈನಸ್_ಆರೂವರೆ

ಎಲ್ಲರಿಗೂ ಸುದ್ದಿ ಹೇಳೋಣ ಅಂತ ಬಂದೆ. ಫೀಲ್ಡ್ ಟೆಸ್ಟ್ ಆಯಿತು, ಎರಡೂ ಕಣ್ಣು ಸರಿಯಾಗಿವೆ. ಸಿಗ್ನಲ್ ವಿಷಯ ಕೇಳಿದೆ. ಅವರೇ ಕಣ್ಣೀರಿನ ಡ್ರಾಪ್ಸ್ ಹಾಕಿ ಮತ್ತೆ ಸ್ಕ್ಯಾನ್ ಮಾಡಿದರು. ಸಿಗ್ನಲ್ 8 ಬಂತು, ಬಲಗಣ್ಣು 81. 1 ಗಂಟೆ ಜಾಗದ ಕೆಂಪು ಹಾಗೇ ಇದೆ, 5 ಗಂಟೆಯದು ಹಳದಿ ಆಗಿದೆ. ದಿಬ್ಬ ಕುಸಿದಿಲ್ಲ, ಸರಿದಿದೆ ಅಂತ ಡಾಕ್ಟರೂ ಹೇಳಿದರು. ಈಗ ಡ್ರಾಪ್ಸ್ ಬೇಡ, ಆರು ತಿಂಗಳು ಬಿಟ್ಟು ಇದೇ ಯಂತ್ರದಲ್ಲಿ ಮತ್ತೆ ನೋಡೋಣ ಅಂದಿದ್ದಾರೆ.

ಫೀಲ್ಡ್ ಟೆಸ್ಟ್ ಸರಿಯಿದ್ದರೆ ಗ್ಲಾಕೋಮಾ ಇಲ್ಲ ಅಂತಲೇ ತಾನೇ?

ಪಿಜಿ_ಎರಡನೇ_ವರ್ಷ

ಹಾಗೆ ಹೇಳೋಕಾಗಲ್ಲ. ಫೀಲ್ಡ್ ಟೆಸ್ಟ್‌ನಲ್ಲಿ ಗೊತ್ತಾಗುವಷ್ಟು ನೋಟ ಕಡಿಮೆಯಾಗುವ ಹೊತ್ತಿಗೆ ಕಾಲು ಭಾಗಕ್ಕಿಂತ ಹೆಚ್ಚು ನರಕೋಶಗಳು ಹೋಗಿರಬಹುದು. ಸರಾಸರಿ ಪದರ 75 ಮೈಕ್ರಾನ್ ಆಸುಪಾಸಿಗೆ ಇಳಿದ ಮೇಲೆ ಫೀಲ್ಡ್ ಕೆಡೋದು ಕಾಣಿಸಿಕೊಳ್ಳುತ್ತೆ ಅಂತ ಒಂದು ಅಂದಾಜು ಇದೆ. ಆರು ತಿಂಗಳ ನಂತರ ಕರೆದಿರೋದು ಇದಕ್ಕೇ. ಅದನ್ನು ತಪ್ಪಿಸಬೇಡಿ. ನಿಮ್ಮ ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಗ್ಲಾಕೋಮಾ ಇದೆಯಾ ಅಂತ ವಿಚಾರಿಸಿ ಡಾಕ್ಟರಿಗೆ ತಿಳಿಸಿ. ಕಣ್ಣಿನ ಉದ್ದ ಅಳೆದಿದ್ದಾರಾ?

ಮೈನಸ್_ಆರೂವರೆ

ಹೂಂ, ಬಲಗಣ್ಣು 26.3 ಮಿಲಿಮೀಟರ್. ಅಮ್ಮನ ಅಣ್ಣನಿಗೆ ಇತ್ತು ಅಂತ ನೆನಪು, ಕೇಳ್ತೀನಿ.

ಸ್ಕ್ಯಾನ್_ಕೋಣೆ

ಮಾಮೂಲಿ ಕಣ್ಣು 24 ಮಿಲಿಮೀಟರ್‌ಗೆ ಸ್ವಲ್ಪ ಕಡಿಮೆ. ನಿಮ್ಮದು ಎರಡೂವರೆ ಮಿಲಿಮೀಟರ್ ಹತ್ತಿರ ಉದ್ದ. ಕಣ್ಣು ಉದ್ದ ಇದ್ದಾಗ ಯಂತ್ರ ಹಾಕುವ ವೃತ್ತ ಡಿಸ್ಕ್‌ನಿಂದ ಇನ್ನಷ್ಟು ದೂರಕ್ಕೆ ಬೀಳುತ್ತೆ, ಅಲ್ಲಿ ಪದರ ಸಹಜವಾಗಿಯೇ ತೆಳು. ಒಂದು ಮಿಲಿಮೀಟರ್ ಉದ್ದಕ್ಕೆ ಅಂದಾಜು 2 ಮೈಕ್ರಾನ್ ಕಡಿಮೆ ತೋರಿಸುತ್ತೆ. ಹಾಗೆ ನೋಡಿದರೆ ನಿಮ್ಮ 81 ಮಾಮೂಲಿ ಕಣ್ಣಿನ 86ಕ್ಕೆ ಸಮ ಅನ್ನಬಹುದು. ಇದು ಒರಟು ಲೆಕ್ಕ, ಆದರೆ ಆ ಕೆಂಪು ತುಂಡು ನೋಡಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ ಅನ್ನೋಕೆ ಇಷ್ಟು ಸಾಕು.

ಮಾವನ ವಿಷಯ ಖಾತ್ರಿಯಾದರೆ ಡಾಕ್ಟರಿಗೆ ಹೇಳಿ, ಜೊತೆಗೆ ಅಮ್ಮನನ್ನೂ ಒಮ್ಮೆ ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗಿ. ಸಿಗ್ನಲ್ 8 ಬಂದ ಹಾಳೆಯನ್ನೇ ಮೊದಲನೆಯದು ಅಂತ ಗುರುತು ಹಾಕಿ ಇಟ್ಟುಕೊಳ್ಳಿ. ಮುಂದಿನ ಹೋಲಿಕೆ ಅದರ ಜೊತೆಗೇ ಆಗಬೇಕು, 78ರ ಹಾಳೆ ಜೊತೆ ಬೇಡ.

ಅಪ್ಪನ_ಮಗಳು

ಅಪ್ಪನಿಗೆ 10-2 ಮಾಡಿದರು. ಮಧ್ಯದ ಹತ್ತಿರ ಮೇಲುಗಡೆ ನೋಟ ಹೋಗಿದೆ, ಇನ್ನೂ ಹೋಗ್ತಾ ಇದೆಯಾ ಅಂತ ನೋಡೋಕೆ ಬೇಗನೇ ಮತ್ತೊಂದು ಟೆಸ್ಟ್ ಇಟ್ಟಿದ್ದಾರೆ. ಒತ್ತಡ 16 ಇತ್ತು. ಈ ಹಂತಕ್ಕೆ ಅದು ಜಾಸ್ತಿ ಅಂತ ಇನ್ನೊಂದು ಡ್ರಾಪ್ಸ್ ಸೇರಿಸಿದ್ದಾರೆ, ಅದರಲ್ಲೂ ಇಳಿಯದಿದ್ದರೆ ಆಪರೇಷನ್ ಬಗ್ಗೆ ಮಾತಾಡೋಣ ಅಂದರು. ಡ್ರಾಪ್ಸ್ ಈಗ ನಾನೇ ಹಾಕ್ತಿದ್ದೀನಿ.